ಕ್ವಾಂಟಮ್ ಗುರುತ್ವವನ್ನು ‘ಸರಳವಾಗಿ’ ಹೇಳಿ ಎನ್ನುವವರಿಗೆ

ಮದುವೆಯ ಪಂಕ್ತಿಯಲ್ಲಿ ಕುಳಿತಾಗಲೂ ಉಡುಪಿಯ ಬಸ್ ನಿಲ್ದಾಣದಲ್ಲಿ ನಿಂತಾಗಲೂ ನನಗೆ ಎದುರಾಗುವ ಪ್ರಶ್ನೆ ಒಂದೇ: “ಕ್ವಾಂಟಮ್ ಗುರುತ್ವ ಎನ್ನುತ್ತೀರಲ್ಲ, ಅದನ್ನು ನಮ್ಮಂಥವರಿಗೆ ಎರಡೇ ಮಾತಿನಲ್ಲಿ ಸರಳವಾಗಿ ಹೇಳಿ ನೋಡೋಣ.” ಹೇಳುತ್ತೇನೆ. ಗುರುತ್ವವೆಂದರೆ ದೇಶ–ಕಾಲದ (ಇಲ್ಲಿ ದೇಶ ಎಂದರೆ ನಾಡಲ್ಲ, ವಸ್ತುಗಳೆಲ್ಲ ಇರುವ ಸ್ಥಳ) ಬಾಗುವಿಕೆ ಎಂದು ಐನ್‌ಸ್ಟೈನ್ 1915ರಲ್ಲಿ ತೋರಿಸಿದರು. ಪರಮಾಣುಗಳನ್ನು ಆಳುವ ಕ್ವಾಂಟಮ್ ನಿಯಮಗಳು ಆ ದೇಶ–ಕಾಲವನ್ನೂ ಆಳುವುದಾದರೆ ಅದರ ಸ್ವರೂಪ ಹೇಗಿರಬೇಕು ಎಂಬ ಹುಡುಕಾಟವೇ ಕ್ವಾಂಟಮ್ ಗುರುತ್ವ. ಎರಡು ಮಾತು ಮುಗಿಯಿತು. ತಲೆಯಾಡಿಸಿದವರಿಗೆ ಏನೂ ಅರ್ಥವಾಗಿಲ್ಲವೆಂದು ನನಗೂ ಗೊತ್ತು, ಅವರಿಗೂ ಗೊತ್ತು.

‘ಸರಳವಾಗಿ’ ಎಂಬ ಮಾತೇ ನನಗೆ ಸಿಟ್ಟು ತರಿಸುತ್ತದೆ. ಹಾಗೆ ಕೇಳುವವರು ಒಂದು ಹೋಲಿಕೆಗಾಗಿ ಕಾಯುತ್ತಿರುತ್ತಾರೆ, ಸಿಕ್ಕೊಡನೆ ಎದ್ದು ಹೋಗುತ್ತಾರೆ. ರಬ್ಬರ್ ಹಾಳೆಯ ಮೇಲೆ ಗುಂಡು ಇಟ್ಟರೆ ಹಾಳೆ ತಗ್ಗುತ್ತದೆ, ಗುರುತ್ವವೂ ಹಾಗೆಯೇ ಎಂದರೆ ಎಲ್ಲರಿಗೂ ಸಮಾಧಾನ. ಆದರೆ ಗುಂಡು ಹಾಳೆಯನ್ನು ತಗ್ಗಿಸುವುದೇ ಭೂಮಿಯ ಗುರುತ್ವದಿಂದ. ವಿವರಿಸಬೇಕಾದದ್ದನ್ನೇ ವಿವರಣೆಯಲ್ಲಿ ಬಚ್ಚಿಟ್ಟ ಈ ಹೋಲಿಕೆಯನ್ನು ಯಾರೂ ತಡೆದು ಪ್ರಶ್ನಿಸುವುದಿಲ್ಲ.

ನನ್ನ ಇಂಥದೇ ಇನ್ನೊಂದು ಹೋಲಿಕೆಯನ್ನು ಒಬ್ಬರು ಮಾತ್ರ ಪ್ರಶ್ನಿಸಿದರು. ಕೆಲವು ವರ್ಷಗಳ ಹಿಂದೆ ಉಡುಪಿಯ ಹತ್ತಿರದ ಗ್ರಂಥಾಲಯವೊಂದರಲ್ಲಿ ಮಾತನಾಡುತ್ತ, ನುಣುಪಾಗಿ ತೋರುವ ದೇಶವು ಅತಿ ಸೂಕ್ಷ್ಮದಲ್ಲಿ ನೂಲಿನ ನೇಯ್ಗೆಯಂತಿರಬಹುದೆಂದು ಭೌತವಿಜ್ಞಾನಿಗಳಾದ ಅಭಯ್ ಅಷ್ಟೇಕರ್, ಕಾರ್ಲೊ ರೊವೆಲ್ಲಿ ಮತ್ತು ಲೀ ಸ್ಮೋಲಿನ್ 1992ರಲ್ಲಿ ಮಂಡಿಸಿದ ವಿಚಾರವನ್ನು ವಿವರಿಸಿದ್ದೆ. ಆ ನೇಯ್ಗೆಯ ಅಳತೆಯಾದ ಪ್ಲಾಂಕ್ ಉದ್ದವನ್ನು ಒಂದು ಕೂದಲೆಳೆಯ ದಪ್ಪಕ್ಕೆ ಹಿಗ್ಗಿಸಿದರೆ, ಅದೇ ಪ್ರಮಾಣದಲ್ಲಿ ಹಿಗ್ಗಿದ ಪ್ರೋಟಾನಿನ ಅಡ್ಡಳತೆ ಸುಮಾರು 1 ಜ್ಯೋತಿರ್ವರ್ಷವಾಗುತ್ತದೆ. ಯಾವ ಪ್ರಯೋಗವೂ ಇನ್ನೂ ಅಲ್ಲಿಗೆ ತಲುಪಿಲ್ಲ.

ಹಿಂದೆ ಉಡುಪಿ ಸೀರೆ ನೇಯುತ್ತಿದ್ದ ಹಿರಿಯರೊಬ್ಬರು ಎದ್ದು ತುಳುವಿನಲ್ಲಿ ಕೇಳಿದರು: “ಮಾಷ್ಟ್ರೇ, ಹಾಸು ಬಿಗಿಯಲು ಮಗ್ಗ ಬೇಕಲ್ಲ? ನಿಮ್ಮ ಮಗ್ಗ ಎಲ್ಲಿ ನಿಂತಿದೆ?”

ನನ್ನನ್ನು ಎಲ್ಲರೂ ಕೇಳಬೇಕಾದ ಪ್ರಶ್ನೆ ಅದು: ಈ ಹೋಲಿಕೆ ಎಲ್ಲಿಯವರೆಗೆ ತಾಳುತ್ತದೆ, ಎಲ್ಲಿ ಹರಿಯುತ್ತದೆ? ಇದು ಹರಿಯುವುದು ಸರಿಯಾಗಿ ಅವರು ಬೆರಳಿಟ್ಟ ಜಾಗದಲ್ಲಿ. ಸೀರೆಯ ನೂಲಿಗೆ ಮಗ್ಗವಿದೆ, ಮಗ್ಗ ನಿಲ್ಲಲು ಕೋಣೆಯಿದೆ. ಈ ಸಿದ್ಧಾಂತದ ನೂಲುಗಳಾದರೋ ಯಾವ ಕೋಣೆಯ ಒಳಗೂ ಇಲ್ಲ. ಅವು ಒಂದಕ್ಕೊಂದು ತೊಡರಿಕೊಂಡಿರುವ ಬಗೆಯನ್ನೇ ನಾವು ದೇಶ ಎಂದು ಕರೆಯುತ್ತೇವೆ. ಸೂತ್ರಗಳನ್ನು ಬಲ್ಲ ವಿದ್ಯಾರ್ಥಿಗಳೂ ಇದನ್ನು ಒಪ್ಪಿಕೊಳ್ಳಲು ತಿಂಗಳುಗಟ್ಟಲೆ ಒದ್ದಾಡುತ್ತಾರೆ.

ನೂಲುಗಳು ಯಾವ ಕೋಣೆಯ ಒಳಗೂ ಇಲ್ಲ ಎಂದು ನಾನು ಹೇಳಿದಾಗ ಆ ಹಿರಿಯರು ಹೆಗಲ ಮೇಲಿನ ಬೈರಾಸನ್ನು ತೆಗೆದು ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದರು. ಎಳೆಗಳ ನಡುವೆ ಕಿಟಕಿಯ ಬೆಳಕು ಚುಕ್ಕಿಚುಕ್ಕಿಯಾಗಿ ಕಂಡಿತು. ಒಂದು ಕೈ ಬಿಟ್ಟರು, ಬಟ್ಟೆ ಜೋತುಬಿತ್ತು. “ಹಿಡಿಯುವವರಿಲ್ಲದೆ ಇದು ಹಾಸಿಕೊಂಡು ನಿಲ್ಲುವುದು ಹೇಗೆ?”

ಬಿಡಿ ನೂಲುಗಳಿಂದ ಐನ್‌ಸ್ಟೈನ್ ಹೇಳಿದ ನುಣುಪಾದ, ವಿಶಾಲವಾದ ದೇಶ–ಕಾಲ ಮೂಡುವ ಬಗೆ ಹೇಗೆಂಬುದಕ್ಕೆ ಪೂರ್ಣ ಉತ್ತರ ಇನ್ನೂ ಯಾರಿಗೂ ಸಿಕ್ಕಿಲ್ಲ, ಈ ಹಾದಿಯ ಸಂಶೋಧಕರು ಇಂದಿಗೂ ಹೆಣಗುತ್ತಿರುವುದು ಅಲ್ಲಿಯೇ ಎಂದು ಅವರಿಗೆ ಹೇಳಿದೆ.