ಗ್ನೂಕ್ಯಾಶ್‌ನಿಂದ ಸರಳ ಪಠ್ಯಕ್ಕೆ

ಮನೆಯ ಹಳೆಯ ಲೆಕ್ಕವನ್ನೆಲ್ಲ ಗ್ನೂಕ್ಯಾಶ್ ಎಂಬ ಲೆಕ್ಕ ಇಡುವ ತಂತ್ರಾಂಶದಿಂದ ಎಚ್‌ಲೆಡ್ಜರ್‌ನ ಸರಳ ಪಠ್ಯಕ್ಕೆ ಸಾಗಿಸುತ್ತಿದ್ದೇನೆ. ಎಚ್‌ಲೆಡ್ಜರ್ ಎಂದರೆ ನಾವು ಮಾಮೂಲಿ ಪಠ್ಯ ಕಡತದಲ್ಲಿ ಬರೆದಿಟ್ಟದ್ದನ್ನೇ ಓದಿ ಲೆಕ್ಕ ಹಾಕುವ ತಂತ್ರಾಂಶ. ಗ್ನೂಕ್ಯಾಶ್ ಮೇಲೆ ನನಗೆ ದೂರಿಲ್ಲ, ಒಳ್ಳೆಯ ತಂತ್ರಾಂಶ. ಆದರೆ ಅದು ಲೆಕ್ಕವನ್ನು ಉಳಿಸಿಡುವ ಎಕ್ಸ್‌ಎಂಎಲ್ ಕಡತವನ್ನು ಬಿಚ್ಚಿ ನೋಡಿದರೆ 1,250 ರೂಪಾಯಿ 50 ಪೈಸೆ ಎಂಬುದು 125050/100 ಎಂಬ ಭಿನ್ನರಾಶಿಯಾಗಿ ಕುಳಿತಿರುತ್ತದೆ. ಖಾತೆಯ ಹೆಸರಿರಬೇಕಾದ ಕಡೆ 32 ಅಕ್ಷರಗಳ ಗುರುತು. ಒಂದು ಪೈಸೆಯೂ ಜಾರದಿರಲಿ ಎಂಬ ಎಚ್ಚರವದು, ಮೆಚ್ಚಲೇಬೇಕು. ಮನುಷ್ಯರು ಓದಲೆಂದು ಬರೆದದ್ದಂತೂ ಅಲ್ಲ.

ಅದೇ ವ್ಯವಹಾರ ಈಗ ಹೀಗಿದೆ:

2019-06-03 ದಿನಸಿ ಅಂಗಡಿ
    ಖರ್ಚು:ಮನೆ:ದಿನಸಿ      1250.50
    ಆಸ್ತಿ:ಬ್ಯಾಂಕ್:ಉಳಿತಾಯ

ಕೊನೆಯ ಸಾಲಿಗೆ ಮೊತ್ತ ಬರೆಯಬೇಕಿಲ್ಲ, ಸರಿದೂಗುವಂತೆ ಎಚ್‌ಲೆಡ್ಜರ್ ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ಖಾತೆಯ ಹೆಸರಿಗೂ ಮೊತ್ತಕ್ಕೂ ನಡುವೆ ಕನಿಷ್ಠ ಎರಡು ಖಾಲಿ ಜಾಗ ಬಿಡಬೇಕು. ಹೆಸರುಗಳನ್ನು ಕನ್ನಡದಲ್ಲೇ ಇಟ್ಟುಕೊಂಡೆ. ಯಾವುದು ಆಸ್ತಿ, ಯಾವುದು ಖರ್ಚು ಎಂದು ಮೊದಲೇ ಒಂದೊಂದು ಸಾಲಿನಲ್ಲಿ ತಿಳಿಸಿದರಾಯಿತು.

2003ರಲ್ಲಿ ಜಾನ್ ವೀಗ್ಲಿ ಎಚ್‌ಲೆಡ್ಜರ್‌ಗೆ ಮಾದರಿಯಾದ ಲೆಡ್ಜರ್ ತಂತ್ರಾಂಶ ಬರೆದಾಗಿನಿಂದ ಸರಳ ಪಠ್ಯದಲ್ಲಿ ಲೆಕ್ಕ ಇಡುವ ಈ ದಾರಿ ಇದೆ. ನನ್ನನ್ನು ಸೆಳೆದದ್ದು ಬೇರೆ ವಿಚಾರ. ಅಪ್ಪನ ಖರ್ಚಿನ ಪುಸ್ತಕವನ್ನು ಇಂದಿಗೂ ಯಾರು ಬೇಕಾದರೂ ತೆರೆದು ಓದಬಹುದು. ನಮ್ಮ ಮನೆಯ ಲೆಕ್ಕವನ್ನೂ ಮಗಳು ಯಾವ ತಂತ್ರಾಂಶದ ಹಂಗಿಲ್ಲದೆ ಓದುವಂತಿರಬೇಕು ಎಂಬುದು ನನ್ನ ಆಸೆ.

ಪ್ರತಿ ಖಾತೆಯ ವರ್ಷಾಂತ್ಯದ ಶಿಲ್ಕನ್ನು ಎರಡೂ ಕಡೆ ತಾಳೆ ನೋಡುತ್ತಿದ್ದೇನೆ, ಬ್ಯಾಂಕ್ ಖಾತೆಗಳು ಸರಿಹೊಂದಿವೆ. ಮ್ಯೂಚುವಲ್ ಫಂಡ್‌ಗಳು ಬಾಕಿ: ಅಲ್ಲಿ ಯೂನಿಟ್ಟುಗಳ ಸಂಖ್ಯೆಯ ಜೊತೆಗೆ ಕೊಂಡ ದಿನದ ಬೆಲೆಯನ್ನೂ ಒಯ್ಯಬೇಕು. ಈ ಭಾನುವಾರ ಅದಕ್ಕೇ ಮೀಸಲು.