ಯಾರಿಗೆ?

ಸೋಮವಾರ ಕೇಳಿದ ಒಂದೇ ಒಂದು ಪದ ವಾರವೆಲ್ಲ ತಲೆಯಿಂದ ಇಳಿದಿಲ್ಲ.

ನಮ್ಮ ಜೀನ್ಸ್ ಘಟಕದ ಹೊಸ ತಂತ್ರಾಂಶ ಮೊದಲ ಬಾರಿಗೆ ಹಾಕಿಕೊಟ್ಟ ಯೋಜನೆಯನ್ನು ಮುದ್ರಿಸಿಕೊಂಡು, ಸ್ವಲ್ಪ ಜಂಬದಿಂದಲೇ ಕಟಿಂಗ್ ಮೇಜಿನ ಬಳಿಗೆ ಹೋಗಿದ್ದೆ. ನೀಲಿ ಡೆನಿಮ್, 1,200 ಪ್ಯಾಂಟು, ಒಂದೇ ಲಾಟ್. ಮಾಸ್ಟರ್ ಹಾಳೆಯತ್ತ ಕಣ್ಣು ಹಾಯಿಸಿದರು. ಕನ್ನಡಕವನ್ನು ಹಣೆಗೇರಿಸಿ, ಸೀಮೆಸುಣ್ಣವನ್ನು ಬಟ್ಟೆಯ ಮೇಲೆ ಹಿಡಿದುಕೊಂಡೇ ಕೇಳಿದರು: "ಯಾರಿಗೆ?"

"ಸ್ಟಾಕಿಗೆ."

"ಅದು ಯಾವ ಊರು?"

ಹುಡುಗರು ನಕ್ಕರು. ಮೇಲಿನ ಪದರದ ಅಂಚಿನಲ್ಲಿ ವ್ಯಾಪಾರಿಯ ಊರನ್ನು ಬರೆಯದೆ ಮಾಸ್ಟರ್ ಕತ್ತರಿಸುವ ಯಂತ್ರವನ್ನು ಮುಟ್ಟುವುದಿಲ್ಲ. ಆದೋನಿ, ಕರ್ನೂಲು, ಸೊಲ್ಲಾಪುರ. ಅಂದು ಸೀಮೆಸುಣ್ಣ ಗಾಳಿಯಲ್ಲೇ ನಿಂತಿತ್ತು.

ಈ ತಂತ್ರಾಂಶ ಮಾಲೀಕರ ಮಗನ ಆಸೆ. ಒಳ್ಳೆಯ ಹುಡುಗ, ಆದರೆ ಮಾಸ್ಟರ್ ಎದುರು ಮಾತನಾಡುವಾಗ ಮೊಬೈಲ್ ನೋಡುತ್ತಾನೆ. ಮಾರಲು ಬಂದವನಂತೂ ಎರಡು ಗಂಟೆ ಎಂಆರ್‌ಪಿ, ಎಂಆರ್‌ಪಿ ಎಂದ. ನಮ್ಮಲ್ಲಿ ಎಂಆರ್‌ಪಿ ಎಂದರೆ ಪ್ಯಾಂಟಿಗೆ ನೇತುಹಾಕುವ ಬೆಲೆಚೀಟಿ. ಅವನು ಹೇಳುತ್ತಿದ್ದದ್ದು ಸಾಮಗ್ರಿ ಲೆಕ್ಕ: ಇಷ್ಟು ಪ್ಯಾಂಟಿಗೆ ಇಷ್ಟು ಬಟ್ಟೆ, ಇಷ್ಟು ಜಿಪ್, ಇಷ್ಟು ರಿವೆಟ್, ಯಾವ ದಿನಕ್ಕೆ ಬೇಕು ಎಂಬುದು. 1960ರ ದಶಕದಲ್ಲಿ ಅಮೆರಿಕದ ಟ್ರ್ಯಾಕ್ಟರ್ ಕಾರ್ಖಾನೆಯಲ್ಲಿದ್ದ ಜೋಸೆಫ್ ಓರ್ಲಿಕಿ ಅಂಥವರು ರೂಪಿಸಿದ ಪದ್ಧತಿ. ಲೆಕ್ಕ ತಪ್ಪಲ್ಲ. ರಿವೆಟ್ ಮುಗಿದು ಕೆಲಸ ನಿಂತ ದಿನಗಳನ್ನು ನಾನೂ ಕಂಡಿದ್ದೇನೆ.

ಆದರೆ ಬಳ್ಳಾರಿಯ ಸಣ್ಣ ಘಟಕ ಬದುಕಿರುವುದು ಯಾವುದರಿಂದ? ಬೆಲೆಯಲ್ಲಿ ದೊಡ್ಡ ಕಾರ್ಖಾನೆಗಳ ಮುಂದೆ ನಾವು ನಿಲ್ಲಲಾರೆವು. ಶನಿವಾರ ಫೋನ್ ಮಾಡಿ, "ಆ ಮಂಡಿ ಹರಿದ ಮಾದರಿ ಐದು ಸೆಟ್ ಕಳಿಸಿ" ಎಂದವನಿಗೆ ಮುಂದಿನ ಶನಿವಾರದೊಳಗೆ ಮಾಲು ಮುಟ್ಟಿಸುತ್ತೇವೆ. ನಮ್ಮ ಬಂಡವಾಳ ಅಷ್ಟೇ. ಕೌಲ್ ಬಜಾರಿನ ಒಂದು ಓಣಿಯಲ್ಲಿ ಕಟಿಂಗ್, ಇನ್ನೊಂದರಲ್ಲಿ ಹೊಲಿಗೆ, ಆಮೇಲೆ ವಾಷಿಂಗ್. ಈ ಓಡಾಟವೇ ನಮ್ಮ ತಂತ್ರ. ತಂತ್ರಾಂಶಕ್ಕೋ ದೊಡ್ಡ ಲಾಟ್ ಎಂದರೆ ಪ್ರಾಣ. ಮಾದರಿ ಬದಲಾದಷ್ಟೂ ಅದಕ್ಕೆ ನಷ್ಟ ಕಾಣುತ್ತದೆ. ನಮಗೆ ಅನ್ನ ಅಲ್ಲಿಯೇ ಇದೆ. 1,200 ಪ್ಯಾಂಟು ಮೇಜನ್ನು ಹಿಡಿದು ಕೂತರೆ ಐದು ಸೆಟ್ಟಿನವನು ಪಕ್ಕದ ಓಣಿಗೆ ಹೋಗುತ್ತಾನೆ.

ಒಂದೇ ಕಾರ್ಖಾನೆ ಎಲ್ಲದರಲ್ಲೂ ಮುಂದಿರಲಾರದು, ಯಾವುದರಲ್ಲಿ ಗೆಲ್ಲಬೇಕೆಂದು ಮೊದಲು ಆರಿಸಿಕೊಳ್ಳಬೇಕು ಎಂದು ಹಾರ್ವರ್ಡ್‌ನ ವಿಕ್‌ಹ್ಯಾಮ್ ಸ್ಕಿನ್ನರ್ 1969ರಲ್ಲೇ ವಾದಿಸಿದ್ದರು. ದೂರಶಿಕ್ಷಣದ ಪರೀಕ್ಷೆಯಲ್ಲಿ ಇದನ್ನು ಎರಡು ಪುಟ ಬರೆದು ಅಂಕ ಗಿಟ್ಟಿಸಿದ್ದವನು ನಾನೇ. ಸೀಮೆಸುಣ್ಣ ಹಿಡಿದವರು ಒಂದೇ ಪದದಲ್ಲಿ ಕೇಳಿದಾಗ ಗುರುತು ಹತ್ತಲಿಲ್ಲ.

ಗುರುವಾರ ರಾತ್ರಿ ಪರದೆ ತೆರೆದು ಕೂತೆ. ತಂತ್ರಾಂಶವನ್ನು ನಾಲ್ಕು ಮಾತು ಬೈಯಬೇಕೆಂದಿದ್ದೆ. "ಗ್ರಾಹಕ" ಎಂಬ ಅಂಕಣ ಕಾಣಿಸಿತು. ಹೋದ ವರ್ಷದ ಮಾರಾಟವನ್ನೆಲ್ಲ ತುಂಬಿದವನು ನಾನು. ಅಂಕಣ ಖಾಲಿ ಬಿಟ್ಟರೆ ಮುಂದೆ ಹೋಗಲು ಬಿಡದಿದ್ದಾಗ ಎಲ್ಲ ಸಾಲಿಗೂ "ಸಾಮಾನ್ಯ" ಎಂದು ಬಡಿದಿದ್ದೆ. ಸಾಮಾನ್ಯ ಎಂಬ ಒಬ್ಬನೇ ಮಹಾನುಭಾವನಿಗೆ ಅದು 1,200 ಪ್ಯಾಂಟು ಹೊಲಿಯಲು ಹೊರಟಿತ್ತು.

ಶುಕ್ರವಾರ ಹಳೆಯ ಬಿಲ್ ಪುಸ್ತಕಗಳನ್ನು ಹರವಿಕೊಂಡು ಒಂದೊಂದೇ ಹೆಸರು ತುಂಬತೊಡಗಿದೆ. ಮಾಸ್ಟರ್ ಚಹಾ ಲೋಟ ಹಿಡಿದು ಹಿಂದೆ ಬಂದು ನಿಂತರು. ನಾನು "ಆದೋನಿ" ಎಂದು ಒತ್ತಿದೆ.

"ಆದೋನಿಯವರು ಇಬ್ಬರಿದ್ದಾರೆ" ಎಂದರು. "ಯಾರಿಗೆ?"