ಸಿದ್ದನ ಉಪವಾಸ ಮುರಿದದ್ದು

ಮೂವತ್ತನಾಲ್ಕನೇ ದಿನ ಸಿದ್ದ ಊಟ ಮಾಡಿದ. ರಾತ್ರಿ ಹನ್ನೊಂದೂ ಮುಕ್ಕಾಲಿಗೆ ಇದನ್ನು ಯಾರ ಹತ್ತಿರ ಹೇಳಿಕೊಳ್ಳೋದು? ಹೆಂಡತಿ ಮಲಗಿದ್ದಳು. ಮೈಸೂರಲ್ಲಿ ಬೆಳಿಗ್ಗೆ ಹತ್ತೂಕಾಲು, ಅಮ್ಮನಿಗೆ ಫೋನ್ ಮಾಡಿದೆ. "ಜೇಡಕ್ಕೆ ಊಟ ಮಾಡಿಸೋಕೆ ಅಮೆರಿಕಕ್ಕೆ ಹೋದ್ಯೇನೋ?" ಅಂದರು. ಹಾಗಾಗಿ ನಿಮಗೆ ಬರೀತಿದ್ದೀನಿ.

ಗೊತ್ತಿಲ್ಲದವರಿಗೆ: ಡಲ್ಲಾಸ್ ಹತ್ತಿರದ ನಮ್ಮ ಅಪಾರ್ಟ್‌ಮೆಂಟಲ್ಲಿ ಮೂರು ಕರ್ಲಿ ಹೇರ್ ಟರಾಂಟುಲಾ (ಮೈತುಂಬ ಕೂದಲಿರೋ ದೊಡ್ಡ ಜಾತಿಯ ಜೇಡ) ಮರಿಗಳಿವೆ. ಒಂದೇ ಮೊಟ್ಟೆಚೀಲದವು. ಗುಂಡ, ಸಿದ್ದ, ಪುಟ್ಟ. ಹೆಣ್ಣು ಅಂತ ಗೊತ್ತಾದ ದಿನ ಪುಟ್ಟ ಪುಟ್ಟಿ ಆಗ್ತಾಳೆ, ಅಷ್ಟೇ. ಒಬ್ಬೊಬ್ಬರಿಗೆ ಒಂದೊಂದು ಕಪ್, ಅದರಲ್ಲಿ ಮಣ್ಣು, ಗಾಳಿಗೆ ತೂತು, ಒಂದು ಕಡೆ ಒದ್ದೆ, ಇದೆಲ್ಲ ಜೇಡ ಸಾಕೋ ನಿಮಗೆ ಬಾಯಿಪಾಠ. ಬಿಡಿ.

ಊಟಕ್ಕೆ ತಕರಾರು ಮಾಡದ ಜಾತಿ ಅಂತಲೇ ಎಲ್ಲರೂ ಇದನ್ನು ಮೊದಲು ಸಾಕೋದು. ಗುಂಡ, ಪುಟ್ಟ ಇಬ್ಬರ ಹೊಟ್ಟೆಯೂ ಕೊತ್ತಂಬರಿ ಬೀಜದಷ್ಟಿದೆ. ಸಿದ್ದನದು ಸಾಸಿವೆ. ಪೊರೆ ಬಿಡೋಕೆ ತಯಾರಾಗ್ತಿದಾನೆ ಅನ್ನೋಣ ಅಂದ್ರೆ ಹೊಟ್ಟೆ ಕಪ್ಪಾಗಿಲ್ಲ, ಮಿಂಚುತ್ತಿಲ್ಲ, ಬಿಲದ ಬಾಯಿ ತೆರೆದೇ ಇದೆ. ಸುಮ್ನೆ ಏಕಾದಶಿ.

ಮೊದಲ ತಪ್ಪು ಅಂಗಡಿಯವನದು. ಅರೆಕಾಲು ಇಂಚಿನ ಕ್ರಿಕೆಟ್ ಹುಳ ಬೇಕು ಅಂತ ಆರ್ಡರ್ ಮಾಡಿದ್ದೆ. ಬಂದವು ಕಾಲಿಂಚಿಗೂ ದೊಡ್ಡವು. ಅರ್ಧಕ್ಕರ್ಧ ದಾರೀಲೇ ಸತ್ತಿದ್ದವು. ಕೇಳಿದ್ರೆ "ಅಳತೆ ಹೆಚ್ಚುಕಡಿಮೆ ಇರುತ್ತೆ ಸರ್" ಅಂತ ಉತ್ತರ. ಬಟ್ಟೆ ಅಂಗಡಿಯವರು ಹಾಗಂದ್ರೆ ಒಪ್ಪುತ್ತೀರಾ? ಆದರೂ ಇದ್ದದ್ದರಲ್ಲೇ ಸಣ್ಣದನ್ನು ಹಿಡಿದು ಸಿದ್ದನ ಕಪ್ಪಿಗೆ ಬಿಟ್ಟೆ. ಅವನು ಮುಂದಿನ ಎರಡು ಕಾಲು ಎತ್ತಿದ, ಹಿಂದೆ ಸರಿದ, ಬಿಲಕ್ಕೆ ಓಡಿದ. ಕ್ರಿಕೆಟ್ ಬಿಲದ ಬಾಯಲ್ಲೇ ಕೂತು ಅವನ ನೂಲು ಕಡಿಯೋಕೆ ಶುರು ಮಾಡಿತು. ಅದನ್ನು ತೆಗೆಯೋಷ್ಟರಲ್ಲಿ ನನಗೇ ಬೆವರು. ರಾತ್ರಿಯಿಡೀ ಬಿಟ್ಟಿದ್ದು, ಅವನು ಅಕಸ್ಮಾತ್ ಪೊರೆ ಬಿಡ್ತಾ ಅಂಗಾತ ಮಲಗಿದ್ದರೆ ಯಾರು ಯಾರನ್ನು ತಿಂತಿದ್ರೋ!

ಆಮೇಲೆ ರೆಕ್ಕೆ ಕೆಲಸ ಮಾಡದ ಹಣ್ಣಿನ ನೊಣ. ಡಬ್ಬಿ ಮೇಲೆ "ಹಾರುವುದಿಲ್ಲ" ಅಂತ ಬರೆದಿತ್ತು. ನಿಜ, ಹಾರಲ್ಲ. ನಡೀತವೆ. ಕಪ್ಪಿನ ಗೋಡೆ ಹತ್ತಿ ಮುಚ್ಚಳದಲ್ಲಿ ಸಭೆ ಸೇರಿದವು, ಸಿದ್ದ ನೆಲದಲ್ಲೇ ಉಳಿದ. ಉಳಿದ ನೊಣಗಳು ನಡ್ಕೊಂಡೇ ಅಡುಗೆಮನೆ ಬಾಳೆಹಣ್ಣಿಗೆ ಹೋದವು. ಅದರ ಮೇಲೆ ಮನೇಲಿ ಆದ ಮಾತುಕತೆ ಇಲ್ಲಿ ಬೇಡ.

ಸತ್ತ ಕ್ರಿಕೆಟ್ ಕಾಲು ಇಟ್ಟೆ. ಗುಂಡ ಅಂಥದ್ದನ್ನು ಎಳ್ಕೊಂಡು ಹೋಗಿ ತಿಂದವನು. ಸಿದ್ದ ಮುಟ್ಟಲಿಲ್ಲ. ಮೂರನೇ ದಿನ ಅದರ ಮೇಲೆ ಬಿಳಿ ಬೂಸ್ಟು.

ಆಗ ಹೊಳೆಯಿತು. ಇವಕ್ಕೆ ಎಂಟು ಕಣ್ಣಿದ್ದರೂ ಹೆಚ್ಚೇನೂ ಕಾಣಲ್ಲ. ಬೇಟೆ ಗೊತ್ತಾಗೋದು ಕಾಲಿನ ಕೂದಲಿಗೆ, ನೆಲದ ನಡುಕಕ್ಕೆ. ಸಾಸಿವೆ ಹೊಟ್ಟೆಯವನ ಪಕ್ಕ ಅಷ್ಟು ದೊಡ್ಡ ಕ್ರಿಕೆಟ್ ಓಡಾಡಿದರೆ ಅದು ಊಟ ಅಲ್ಲ, ಮನೆಗೆ ನುಗ್ಗಿದ ಕಳ್ಳ. ಸತ್ತ ಕಾಲು ಅಲುಗೋದೇ ಇಲ್ಲ. ಅಂದ್ರೆ ಬೇಕಾಗಿರೋದು ಅಲ್ಲೇ ಬಿದ್ದು ಸಣ್ಣಗೆ ಅಲುಗೋ ಊಟ.

ಚಿಕ್ಕ ಮೀಲ್‌ವರ್ಮ್ (ಒಂದು ಜಾತಿ ದುಂಬಿಯ ಮರಿಹುಳ) ತಗೊಂಡೆ. ತಲೆ ಜಜ್ಜಿದೆ, ಇಲ್ಲದಿದ್ರೆ ಅದು ಮಣ್ಣೊಳಗೆ ಮಾಯ. ಬಾಲದ ಕಡೆ ತುಂಡನ್ನು ಚಿಮಟದಲ್ಲಿ ಬಿಲದ ಬಾಯಿಗೆ ಇಟ್ಟು ದೀಪ ಆರಿಸಿದೆ. ತುಂಡು ಇದ್ದಲ್ಲೇ ನಿಧಾನಕ್ಕೆ ಡೊಂಕಾಗ್ತಾ ನೆಟ್ಟಗಾಗ್ತಾ ಇತ್ತು. ನಾಲ್ಕು ನಿಮಿಷ ಏನಿಲ್ಲ. ಆಮೇಲೆ ಬಿಲದಿಂದ ಒಂದು ಕಾಲಿನ ತುದಿ ಬಂತು. ಮುಟ್ಟಿತು, ಹಿಂದೆ ಹೋಯಿತು. ಮತ್ತೆ ಬಂತು, ಈ ಸಲ ಎರಡು. ತುಂಡು ಒಮ್ಮೆ ಮಿಸುಕಿತು ನೋಡಿ, ಕಣ್ಣು ಮಿಟುಕಿಸೋದರೊಳಗೆ ಸಿದ್ದ ಅದರ ಮೇಲಿದ್ದ. ಹಲ್ಲು ಊರಿ ಹಾಗೇ ನಿಂತ. ಆಮೇಲೆ ಹುಳ ಬಾಯಲ್ಲೇ ಇಟ್ಕೊಂಡು ದುಂಡಗೆ ತಿರುಗಿದ, ಹಿಂಬದಿಯಿಂದ ನೂಲು ಹಾಸಿದ. ನಮ್ಮವರು ಎಲೆ ಹಾಕೋ ಮುಂಚೆ ನೆಲ ಒರೆಸ್ತಾರಲ್ಲ, ಹಾಗೆ.

ಮೂವತ್ತನಾಲ್ಕು ದಿನಕ್ಕೆ ಸುಮ್ನೆ ಹಸಿವಾಗಿರಲೂಬಹುದು. ಇರಲಿ, ಶ್ರೇಯಸ್ಸು ನಾನೇ ತಗೋತೀನಿ.

ಈ ಖುಷಿಯಲ್ಲಿ ಮುಂದಿನದ್ದೂ ತಲೇಲಿ ಓಡ್ತಿದೆ. ಪೊಯ್ಸಿಲೊಥೇರಿಯಾ ಸ್ಟ್ರಯಾಟಾ. ಇಲ್ಲಿ ಅದನ್ನು "ಮೈಸೂರು ಆರ್ನಮೆಂಟಲ್" ಅಂತ ಮಾರ್ತಾರೆ. ನಮ್ಮ ಪಶ್ಚಿಮ ಘಟ್ಟದ ಮರದ ಪೊಟರೆ ಜೇಡ, 1895ರಲ್ಲಿ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಪೊಕಾಕ್ ಹೆಸರಿಟ್ಟದ್ದು. ಊರಲ್ಲಿದ್ದಾಗ ಒಂದನ್ನೂ ನೋಡಲಿಲ್ಲ, ಟೆಕ್ಸಸ್‌ನಲ್ಲಿ ಡಾಲರ್ ಕೊಟ್ಟು ನೋಡಬೇಕು! ಆದರೆ ಅದು ಮಿಂಚಿನ ವೇಗದ್ದು, ಕಚ್ಚಿದರೆ ದಿನಗಟ್ಟಲೆ ಸ್ನಾಯು ಸೆಳೆತ. 2019ರಿಂದ ಇಡೀ ಪೊಯ್ಸಿಲೊಥೇರಿಯಾ ಕುಲ ಸೈಟಿಸ್ (ಅಪಾಯದಲ್ಲಿರೋ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕೋ ಒಪ್ಪಂದ) ಪಟ್ಟಿಯಲ್ಲೂ ಇದೆ. ಸಾಕಿ ಬೆಳೆಸಿದ್ದು ಅಂತ ಕಾಗದ ತೋರಿಸುವವರು ಸಿಗೋವರೆಗೂ ಕೈ ಕಟ್ಟಿ ಕೂರ್ತೀನಿ. ಎತ್ತರದ ಡಬ್ಬಿ ಮಾತ್ರ ಈಗಲೇ ತಂದಿಟ್ಟಿದ್ದೀನಿ. ಹೆಂಡತಿಗೆ ಅಕ್ಕಿ ಹಾಕೋಕೆ ಅಂದಿದ್ದೀನಿ.

ಇವತ್ತು ಬೆಳಿಗ್ಗೆ ಸಿದ್ದ ತಿಂದು ಉಗುಳಿದ ಚರಟದ ಉಂಡೆ ತೆಗೆದೆ, ಗಸಗಸೆಯಷ್ಟಿತ್ತು. ಪಕ್ಕದಲ್ಲಿ ನೋಡಿದ್ರೆ ಗುಂಡ ಬಿಲದ ಬಾಯಿಗೆ ಮಣ್ಣು ಮೆತ್ತಿಕೊಂಡಿದ್ದಾನೆ. ಅವನ ಪಾಲಿನ ಹುಳ ನನ್ನ ಚಿಮಟದಲ್ಲೇ ಒದ್ದಾಡ್ತಿತ್ತು.